ಗಣೇಶನ ಪೆಂಡಾಲ್‌ಗೆ ಸೌಂಡ್ ಸಿಸ್ಟಂ: ಆಂಪ್ಲಿಫೈಯರ್ ಸ್ವಿಚ್ ಒತ್ತೋ ಮುಂಚೆ ಇದನ್ನ ಕೇಳಿ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನಲ್ಲಿ ಇದ್ದದ್ದನ್ನು ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.



ಭಾದ್ರಪದ ಹತ್ತಿರ ಬಂತು ಅಂದ್ರೆ ಪ್ರತಿ ಏರಿಯಾದಲ್ಲೂ ಒಂದು ವಾಟ್ಸಾಪ್ ಗ್ರೂಪ್ ಎದ್ದು ಕೂರುತ್ತೆ. ಚಂದಾ ಪುಸ್ತಕ ಪ್ರಿಂಟ್ ಆಗುತ್ತೆ. ಮೂರ್ತಿ ಯಾರು ತರೋದು, ಪ್ರಸಾದ ಯಾರ ಮನೇದು, ಪೆಂಡಾಲ್ ಎಷ್ಟಡಿ, ಎಲ್ಲಾ ಚರ್ಚೆ ಆಗುತ್ತೆ. ಕೊನೆಗೆ ಯಾರೋ ಒಬ್ರು, "ಮಗಾ, ಸೌಂಡ್ ನಾನು ನೋಡ್ಕೋತೀನಿ" ಅಂತಾರೆ. ಗ್ರೂಪಲ್ಲಿ ಎಲ್ರೂ ಥಂಬ್ಸ್ ಅಪ್ ಹಾಕಿ ಮರೆತುಬಿಡ್ತಾರೆ.

ಆ ಒಬ್ರಿಗೋಸ್ಕರ ಈ ಸಂಚಿಕೆ. ಯಾಕಂದ್ರೆ ಪೆಂಡಾಲ್‌ನಲ್ಲಿ ಇರೋ ಕೆಲಸಗಳಲ್ಲಿ ಜೀವಕ್ಕೆ ಅಪಾಯ ಇರೋ ಕೆಲಸ ಇದು. ಯೋಚನೆ ಮಾಡಿ. ಮಳೆಗಾಲ. ನೆಲ ಒದ್ದೆ. ಪೂಜೆ ಅಂತ ಎಲ್ರೂ ಬರಿಗಾಲಲ್ಲಿ ಇರ್ತಾರೆ. ಕಬ್ಬಿಣದ ಪೈಪಿನ ಪೆಂಡಾಲ್. ತಾತ್ಕಾಲಿಕವಾಗಿ ಎಳೆದ ವೈರ್. ಮಧ್ಯೆ ಒಂದು ಮಗು ಬಂದು ಮೈಕ್ ಹಿಡ್ಕೊಂಡು ಶ್ಲೋಕ ಹೇಳುತ್ತೆ. ಕರೆಂಟ್ ಹೊಡೆಯೋಕೆ ಏನೇನು ಬೇಕೋ ಅದೆಲ್ಲಾ ಒಂದೇ ಜಾಗದಲ್ಲಿ ಸೇರಿರುತ್ತೆ.

ಮೊದಲೇ ಹೇಳ್ಬಿಡ್ತೀನಿ, ನಾನು ಓದಿದ್ದು ಬಿ.ಕಾಂ. ಎಂಜಿನಿಯರಿಂಗ್ ಅಲ್ಲ. ಆದ್ರೆ ಇವತ್ತು ಹೇಳೋ ವಿಷಯಕ್ಕೆ ಭಾಗಾಕಾರ ಗೊತ್ತಿದ್ರೆ ಸಾಕು. ಮೂರು ಭಾಗ ಮಾಡ್ಕೊಂಡಿದ್ದೀನಿ: ಗೋಡೆಯಿಂದ ಆಂಪ್‌ವರೆಗೆ, ಆಂಪ್‌ನಿಂದ ಬಾಕ್ಸ್‌ವರೆಗೆ, ಬಾಕ್ಸ್‌ನಿಂದ ಕಿವಿವರೆಗೆ.

ಗೋಡೆಯಿಂದ ಆಂಪ್‌ವರೆಗೆ: ಕರೆಂಟ್ ಎಲ್ಲಿಂದ ಬರ್ತಿದೆ?

ಮೊದಲನೇ ಪ್ರಶ್ನೆ, ಕರೆಂಟ್ ಎಲ್ಲಿಂದ ತಗೋತೀರಿ? ಕಂಬದ ಲೈನ್‌ಗೆ ಕೊಕ್ಕೆ ಹಾಕೋ ಅಭ್ಯಾಸ ಇನ್ನೂ ಹಲವು ಕಡೆ ಇದೆ. ಅದು ಕಳ್ಳತನ ಅನ್ನೋದು ಒಂದು ಮಾತು. ಅದಕ್ಕಿಂತ ದೊಡ್ಡದು, ಅಲ್ಲಿ ನಿಮ್ಮ ಮತ್ತು ಟ್ರಾನ್ಸ್‌ಫಾರ್ಮರ್ ಮಧ್ಯೆ ಕಾಪಾಡೋಕೆ ಏನೂ ಇರಲ್ಲ. ಫ್ಯೂಸ್ ಇಲ್ಲ, ಎಂಸಿಬಿ ಇಲ್ಲ, ಅರ್ತಿಂಗ್ ಇಲ್ಲ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಹೀಗೆ ನಿಮ್ಮ ಕಡೆಯ ಕಂಪನಿಗೆ ಅರ್ಜಿ ಹಾಕಿದ್ರೆ ತಾತ್ಕಾಲಿಕ ಸಂಪರ್ಕ ಸಿಗುತ್ತೆ. ಅದರ ಖರ್ಚು ಚಂದಾ ಬಜೆಟ್‌ನಲ್ಲಿ ಮೊದಲನೇ ಸಾಲಲ್ಲಿ ಬರೀಬೇಕು, ಕೊನೇ ಸಾಲಲ್ಲಿ ಅಲ್ಲ.

ಪಕ್ಕದ ಮನೆಯಿಂದ ತಗೊಂಡ್ರೆ? ತಗೋಬಹುದು, ಆದ್ರೆ ಯಾವ ಸಾಕೆಟ್‌ನಿಂದ ಅಂತ ನೋಡಿ. ನಮ್ಮಲ್ಲಿ ಮನೆಯ ಕರೆಂಟ್ 230 ವೋಲ್ಟ್. ಮೊಬೈಲ್ ಚಾರ್ಜರ್ ಹಾಕೋ ಸಣ್ಣ ಸಾಕೆಟ್ 6 ಆಂಪಿಯರ್‌ದು. 230 ಗುಣಿಸು 6, ಅಂದ್ರೆ 1380 ವ್ಯಾಟ್. ಗೀಸರ್, ಇಸ್ತ್ರಿ ಪೆಟ್ಟಿಗೆಗೆ ಹಾಕೋ ದೊಡ್ಡ ಪವರ್ ಸಾಕೆಟ್ 16 ಆಂಪಿಯರ್‌ದು. ಅದು 3680 ವ್ಯಾಟ್.

ಈಗ ನೀವು ಬಾಡಿಗೆಗೆ ತಂದ ಆಂಪ್ ಎರಡು ಚಾನೆಲ್ ಸೇರಿ 1600 ವ್ಯಾಟ್ ಕೊಡುತ್ತೆ ಅನ್ಕೊಳ್ಳಿ. ಅದು ಗೋಡೆಯಿಂದ ಎಳೆಯೋದು 1600 ಅಲ್ಲ, ಅದಕ್ಕಿಂತ ಜಾಸ್ತಿ. ಹೆಚ್ಚುವರಿ ಭಾಗ ಎಲ್ಲಿಗೆ ಹೋಗುತ್ತೆ? ಶಾಖ ಆಗುತ್ತೆ. ಆಂಪ್ ಹಿಂದೆ ಫ್ಯಾನ್ ತಿರುಗೋದು ಅದಕ್ಕೇನೇ. ಪೂರ್ತಿ ಜೋರಲ್ಲಿ ಓಡಿಸಿದ್ರೆ ಇದು 6 ಆಂಪಿಯರ್ ಸಾಕೆಟ್‌ನ ಕೆಲಸ ಅಲ್ಲ. ಹಾಡಿನಲ್ಲಿ ಸರಾಸರಿ ಕಡಿಮೆ ಇರುತ್ತೆ ನಿಜ, ಆದ್ರೆ ಅದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸೀರಿಯಲ್ ಲೈಟು, ಫ್ಯಾನು, ಯಾರದೋ ಫೋನ್ ಚಾರ್ಜರ್ ಎಲ್ಲಾ ಸೇರ್ಕೊಂಡಿರುತ್ತೆ. ಹಾಗಾಗಿ ಸೌಂಡ್‌ಗೆ ಒಂದು ಪ್ರತ್ಯೇಕ 16 ಆಂಪಿಯರ್ ಲೈನ್, ಲೈಟಿಂಗ್‌ಗೆ ಬೇರೆ ಲೈನ್. ಎರಡೂ ಬೇರೆ ಇದ್ರೆ ಮಳೆ ನೀರು ಬಿದ್ದು ಸೀರಿಯಲ್ ಲೈಟ್ ಶಾರ್ಟ್ ಆದ್ರೂ ಪೂಜೆ ಮಧ್ಯೆ ಮೈಕ್ ನಿಲ್ಲಲ್ಲ.

ಇನ್ನೊಂದು ಸಣ್ಣ ವಿಷಯ. ಸುತ್ತಿಡೋ ವೈರ್ ರೀಲ್ ಇರುತ್ತಲ್ಲ, ಅದನ್ನ ಹತ್ತು ಅಡಿ ಮಾತ್ರ ಬಿಚ್ಚಿ ಉಳಿದದ್ದು ಸುತ್ತೇ ಇಟ್ಟು ಭಾರದ ಲೋಡ್ ಹಾಕಬೇಡಿ. ಸುರುಳಿಯೊಳಗಿನ ಶಾಖಕ್ಕೆ ಹೊರಗೆ ಹೋಗೋಕೆ ದಾರಿ ಇಲ್ಲ, ಒಳಗೇ ಇನ್ಸುಲೇಷನ್ ಕರಗುತ್ತೆ. ಪೂರ್ತಿ ಬಿಚ್ಚಿ ಹಾಕಿ.

ಮೂರನೇ ಪಿನ್ ಕಥೆ

ಪ್ಲಗ್‌ನಲ್ಲಿ ಮೇಲಿನ ಪಿನ್ ಯಾಕೆ ಉದ್ದ, ಯಾಕೆ ದಪ್ಪ ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ? ಅದು ಅರ್ತ್ ಪಿನ್. ಪ್ಲಗ್ ಹಾಕುವಾಗ ಅದು ಮೊದಲು ಸೇರಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಅಂದ್ರೆ ಕರೆಂಟ್ ಇರೋ ಅಷ್ಟು ಹೊತ್ತೂ ಕಾವಲು ಇರ್ಬೇಕು ಅಂತ.

ಆಂಪ್‌ನ ಹೊರಗಿನ ಕಬ್ಬಿಣದ ಪೆಟ್ಟಿಗೆ ಆ ಅರ್ತ್ ಪಿನ್‌ಗೆ ಸೇರಿರುತ್ತೆ. ಒಳಗೆ ಎಲ್ಲೋ ಫೇಸ್ ವೈರ್ ಕಿತ್ತು ಪೆಟ್ಟಿಗೆಗೆ ತಾಗಿದ್ರೆ, ಕರೆಂಟ್ ಅರ್ತ್ ವೈರ್ ಮೂಲಕ ಒಮ್ಮೆಲೇ ಜೋರಾಗಿ ಹರಿದು ಫ್ಯೂಸ್ ಅಥವಾ ಎಂಸಿಬಿ ಬೀಳುತ್ತೆ. ಅರ್ತ್ ಇಲ್ಲದಿದ್ರೆ? ಏನೂ ಬೀಳಲ್ಲ. ಎಲ್ಲಾ ಸರಿಯಾಗೇ ಕೆಲಸ ಮಾಡುತ್ತೆ, ಹಾಡು ಬರ್ತಾ ಇರುತ್ತೆ. ಆದ್ರೆ ಪೆಟ್ಟಿಗೆ ಮೇಲೆ 230 ವೋಲ್ಟ್ ಕೂತಿರುತ್ತೆ. ಕೇಬಲ್ ಮೂಲಕ ಅದು ಮಿಕ್ಸರ್‌ಗೆ ಬರುತ್ತೆ. ಮಿಕ್ಸರ್‌ನಿಂದ ಮೈಕ್ ಕೇಬಲ್‌ನ ಹೊರಗಿನ ಜಾಲರಿ ಮೂಲಕ ಮೈಕ್‌ನ ಲೋಹದ ಮೈಗೆ ಬರುತ್ತೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಆ ಮೈಕ್ ಹಿಡಿದವರ ದೇಹವೇ ಆಗ ಅರ್ತ್ ವೈರ್ ಆಗುತ್ತೆ. ಅವತ್ತಿನವರೆಗೆ ಯಾರೂ ಒದ್ದೆ ಕೈಯಲ್ಲಿ ಹಿಡಿದಿರಲ್ಲ, ಅದಕ್ಕೇ ಗೊತ್ತಾಗಿರಲ್ಲ, ಅಷ್ಟೇ.

ಇಲ್ಲೇ ಒಂದು ಅಪಾಯಕಾರಿ ಸಲಹೆ ಓಡಾಡ್ತಿದೆ. ಸ್ಪೀಕರ್‌ನಲ್ಲಿ "ಗುಂಯ್" ಅಂತ ಸದ್ದು ಬಂದ್ರೆ, "ಅರ್ತ್ ಪಿನ್ ತೆಗೆದುಬಿಡು, ಸರಿಹೋಗುತ್ತೆ" ಅಂತಾರೆ. ಸರಿಹೋಗುತ್ತೆ, ನಿಜ. ಆ ಗುಂಯ್ ಬರೋದು ಮಿಕ್ಸರ್ ಒಂದು ಕಡೆ, ಆಂಪ್ ಇನ್ನೊಂದು ಕಡೆ ಬೇರೆ ಬೇರೆ ಜಾಗದ ಅರ್ತ್‌ಗೆ ಸೇರಿ, ಎರಡರ ಮಧ್ಯೆ ಒಂದು ಸುತ್ತು ಏರ್ಪಟ್ಟಾಗ. 50 ಹರ್ಟ್ಸ್ ಕರೆಂಟ್‌ನ ಸದ್ದು ಅದು. ಆದ್ರೆ ಅದಕ್ಕೆ ಪರಿಹಾರ ಕಾವಲುಗಾರನನ್ನ ಮನೆಗೆ ಕಳಿಸೋದಲ್ಲ. ಮಿಕ್ಸರ್ ಮತ್ತು ಆಂಪ್ ಎರಡಕ್ಕೂ ಒಂದೇ ಬೋರ್ಡ್‌ನಿಂದ ಕರೆಂಟ್ ಕೊಡಿ. ಎರಡರ ಮಧ್ಯೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಹಾಕಿ. ಅದು ಬ್ಯಾಲೆನ್ಸ್ಡ್ ಕೇಬಲ್, ಮಧ್ಯೆ ಸೇರೋ ಸದ್ದನ್ನ ತಾನೇ ರದ್ದು ಮಾಡುತ್ತೆ. ಲ್ಯಾಪ್‌ಟಾಪ್‌ನಿಂದ ಗುಂಯ್ ಬರ್ತಿದ್ರೆ ಮಧ್ಯೆ ಒಂದು ಡಿಐ ಬಾಕ್ಸ್ ಹಾಕಿ, ಸೌಂಡ್ ಅಂಗಡಿಯಲ್ಲಿ ಕೇಳಿದ್ರೆ ಬಾಡಿಗೆಗೆ ಸಿಗುತ್ತೆ. ಗುಂಯ್ ಅನ್ನೋ ಸದ್ದಿನಿಂದ ಯಾರೂ ಸಾಯಲ್ಲ. ಅರ್ತ್ ಇಲ್ಲದ ಮೈಕ್‌ನಿಂದ ಸಾಯಬಹುದು.

ಇನ್ನು ಆರ್‌ಸಿಸಿಬಿ. ಎಂಸಿಬಿ ಕಾಪಾಡೋದು ವೈರನ್ನ. ಆರ್‌ಸಿಸಿಬಿ ಕಾಪಾಡೋದು ಮನುಷ್ಯನನ್ನ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳ್ತೀನಿ. ಫೇಸ್‌ನಲ್ಲಿ ಹೋದ ಕರೆಂಟ್, ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಕರೆಂಟ್, ಎರಡೂ ತಾಳೆ ಆಗಬೇಕು. ಡೆಬಿಟ್, ಕ್ರೆಡಿಟ್ ಇದ್ದಂಗೆ. ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲೋ ಸೋರ್ತಿದೆ, ಯಾರದೋ ಮೈಮೇಲೆ ಹರೀತಿದೆ ಅಂತ ಅರ್ಥ. 30 ಮಿಲಿ ಆಂಪಿಯರ್‌ದು ಹಾಕಿಸಿದ್ರೆ, ಅಷ್ಟು ಸಣ್ಣ ವ್ಯತ್ಯಾಸಕ್ಕೇ ಕಣ್ಣು ಮಿಟುಕಿಸೋದ್ರಲ್ಲಿ ಲೈನ್ ಕಟ್ ಮಾಡುತ್ತೆ. 16 ಆಂಪಿಯರ್ ಎಂಸಿಬಿಗೆ 30 ಮಿಲಿ ಆಂಪಿಯರ್ ಲೆಕ್ಕಕ್ಕೇ ಬರಲ್ಲ, ಆದ್ರೆ ಮನುಷ್ಯನ ಎದೆಗೆ ಅದು ಜಾಸ್ತಿ. ಆರ್‌ಸಿಸಿಬಿ ಮೇಲೆ "ಟಿ" ಅಂತ ಒಂದು ಗುಂಡಿ ಇರುತ್ತೆ. ಪ್ರತಿದಿನ ಸಿಸ್ಟಂ ಆನ್ ಮಾಡೋ ಮುಂಚೆ ಒಮ್ಮೆ ಒತ್ತಿ ನೋಡಿ. ಟಕ್ ಅಂತ ಬಿದ್ರೆ ಜೀವಂತ ಇದೆ. ಬೀಳದಿದ್ರೆ ವೈರ್‌ಮ್ಯಾನ್‌ಗೆ ಫೋನ್ ಮಾಡಿ.

ಅರ್ತಿಂಗ್ ಮಾಡಿಸೋದು, ಮೇನ್ ಬೋರ್ಡ್ ಕಟ್ಟಿಸೋದು ಲೈಸೆನ್ಸ್ ಇರೋ ವೈರ್‌ಮ್ಯಾನ್ ಕೆಲಸ. ನಾವು ಮಾಡಬಾರದು. ನಲ್ಲಿ ಪೈಪ್‌ಗೆ ವೈರ್ ಸುತ್ತಿದ್ರೆ ಅರ್ತಿಂಗ್ ಆಗಲ್ಲ, ಈಗಿನ ಪೈಪ್ ಎಲ್ಲಾ ಪ್ಲಾಸ್ಟಿಕ್. ನಾವು ಮಾಡಬೇಕಾದ್ದು ಕೇಳೋದು: "ಅಣ್ಣಾ, ಅರ್ತ್ ಎಲ್ಲಿಂದ ತಂದಿದ್ದೀರಾ? ಆರ್‌ಸಿಸಿಬಿ ಹಾಕಿದ್ದೀರಾ? ಪೆಂಡಾಲ್‌ನ ಕಬ್ಬಿಣದ ಪೈಪ್‌ಗೂ ಅರ್ತ್ ಕೊಟ್ಟಿದ್ದೀರಾ?" ಈ ಮೂರು ಪ್ರಶ್ನೆ ಕೇಳಿದ್ರೆ ಸಾಕು, ಎದುರಿಗಿರೋರು ಕೆಲಸ ಸರಿಯಾಗೇ ಮಾಡ್ತಾರೆ.

ಜನರೇಟರ್ ಬಳಸೋರಿಗೆ ಒಂದು ಮಾತು. ಮೂರು ಫೇಸ್‌ನ ಜನರೇಟರ್ ಅಥವಾ ಲೈನ್‌ನಲ್ಲಿ ನ್ಯೂಟ್ರಲ್ ಸಡಿಲ ಆದ್ರೆ, 230 ಬರ್ಬೇಕಾದ ಕಡೆ 300ಕ್ಕಿಂತ ಮೇಲೆ ಹೋಗಬಹುದು. ಆಂಪ್, ಮಿಕ್ಸರ್, ಲೈಟು ಎಲ್ಲಾ ಒಟ್ಟಿಗೆ ಸುಟ್ಟು ಹೋಗೋದು ಹೀಗೇ. ಆಂಪ್ ಪ್ಲಗ್ ಹಾಕೋ ಮುಂಚೆ ಮೀಟರ್‌ನಲ್ಲಿ ವೋಲ್ಟೇಜ್ ನೋಡಿ. ಲೈಟುಗಳು ಇದ್ದಕ್ಕಿದ್ದಂಗೆ ಕೆಲವು ಪ್ರಖರ, ಕೆಲವು ಮಂಕು ಆದ್ರೆ ತಕ್ಷಣ ಮೇನ್ ಆಫ್ ಮಾಡಿ.

ಆಂಪ್‌ನಿಂದ ಬಾಕ್ಸ್‌ವರೆಗೆ: ಓಮ್ ಲೆಕ್ಕ

ಈಗ ಎರಡನೇ ಭಾಗ. ಸ್ಪೀಕರ್ ಬಾಕ್ಸ್ ಹಿಂದೆ ನೋಡಿದ್ರೆ "8 ಓಮ್" ಅಂತ ಬರೆದಿರುತ್ತೆ. ಓಮ್ ಅಂದ್ರೆ ತಡೆ. ತಡೆ ಕಡಿಮೆ ಆದಷ್ಟೂ ಆಂಪ್‌ನಿಂದ ಕರೆಂಟ್ ಜಾಸ್ತಿ ಹರಿಯುತ್ತೆ.

ಎರಡು 8 ಓಮ್ ಬಾಕ್ಸ್‌ಗಳನ್ನ ಒಂದೇ ಚಾನೆಲ್‌ಗೆ ಸೇರಿಸಿದ್ರೆ ಒಟ್ಟು 16 ಅಲ್ಲ, 4 ಓಮ್. ಯಾಕೆ? ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ವೈರ್ ಹಾಕೋದು ಪ್ಯಾರಲಲ್ ಸಂಪರ್ಕ. ಬ್ಯಾಂಕ್‌ನಲ್ಲಿ ಒಂದು ಕೌಂಟರ್ ಇದ್ದದ್ದು ಎರಡಾದ್ರೆ ಜನ ಎರಡರಷ್ಟು ಬೇಗ ಹೋಗ್ತಾರಲ್ಲ, ಹಂಗೆ. ದಾರಿ ಎರಡಾಯ್ತು, ತಡೆ ಅರ್ಧ ಆಯ್ತು. ನಾಲ್ಕು ಬಾಕ್ಸ್ ಸೇರಿಸಿದ್ರೆ 8 ಭಾಗಿಸು 4, ಅಂದ್ರೆ 2 ಓಮ್.

ಆಂಪ್ ಹಿಂದೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿರುತ್ತೆ. ಬಹಳಷ್ಟು ಆಂಪ್‌ಗಳಲ್ಲಿ 4. ಅದಕ್ಕೆ 2 ಓಮ್ ಲೋಡ್ ಹಾಕಿದ್ರೆ ಅದು ತನ್ನ ಶಕ್ತಿ ಮೀರಿ ಕರೆಂಟ್ ಕೊಡೋಕೆ ಹೋಗುತ್ತೆ. ಒಳ್ಳೇ ಆಂಪ್ ಆದ್ರೆ "ಪ್ರೊಟೆಕ್ಟ್" ಲೈಟ್ ಹತ್ತಿ ನಿಲ್ಲುತ್ತೆ. ಅಗ್ಗದ್ದಾದ್ರೆ ಬಿಸಿಯಾಗಿ ಟ್ರಾನ್ಸಿಸ್ಟರ್ ಸುಡುತ್ತೆ.

ನಮ್ಮ ಉದಾಹರಣೆ ತಗೊಳ್ಳಿ. ಆಂಪ್ ಪ್ರತಿ ಚಾನೆಲ್‌ಗೆ 8 ಓಮ್‌ನಲ್ಲಿ 500 ವ್ಯಾಟ್, 4 ಓಮ್‌ನಲ್ಲಿ 800 ವ್ಯಾಟ್. ನಾಲ್ಕು ಬಾಕ್ಸ್, ಒಂದೊಂದೂ 8 ಓಮ್, 400 ವ್ಯಾಟ್ ಆರ್‌ಎಂಎಸ್. ಎಡ ಚಾನೆಲ್‌ಗೆ ಎರಡು, ಬಲ ಚಾನೆಲ್‌ಗೆ ಎರಡು. ಪ್ರತಿ ಚಾನೆಲ್‌ಗೆ 4 ಓಮ್. 800 ವ್ಯಾಟ್ ಎರಡು ಬಾಕ್ಸ್‌ಗೆ ಹಂಚಿ ಹೋದ್ರೆ ಒಂದಕ್ಕೆ 400. ಲೆಕ್ಕ ತಾಳೆ ಆಯ್ತು.

ಬಾಕ್ಸ್ ಮೇಲೆ ವ್ಯಾಟ್ ನೋಡುವಾಗ ಹುಷಾರು. ಆರ್‌ಎಂಎಸ್ ಅಥವಾ ಕಂಟಿನ್ಯೂಯಸ್ ಅಂತ ಒಂದು ಸಂಖ್ಯೆ, ಪ್ರೋಗ್ರಾಂ ಅಂತ ಇನ್ನೊಂದು, ಪೀಕ್ ಅಂತ ಮತ್ತೊಂದು. ಸಾಮಾನ್ಯವಾಗಿ ಪ್ರೋಗ್ರಾಂ ಅನ್ನೋದು ಆರ್‌ಎಂಎಸ್‌ನ ಎರಡರಷ್ಟು, ಪೀಕ್ ನಾಲ್ಕರಷ್ಟು. ದೊಡ್ಡಕ್ಷರದಲ್ಲಿ "1600 ವ್ಯಾಟ್" ಅಂತ ಇದ್ರೆ ಅದು ಬಹುಶಃ ಪೀಕ್. ಟರ್ನೋವರ್ ತೋರಿಸಿ ಲಾಭ ಅಂದಂಗೆ. ನೀವು ಲೆಕ್ಕ ಹಾಕಬೇಕಾದ್ದು ಆರ್‌ಎಂಎಸ್ ಮೇಲೆ.

ಬ್ರಿಡ್ಜ್ ಅಂತ ಒಂದು ಸ್ವಿಚ್ ಇರುತ್ತೆ. ಎರಡು ಚಾನೆಲ್ ಸೇರಿಸಿ ಒಂದೇ ದೊಡ್ಡ ಚಾನೆಲ್ ಮಾಡೋದು. ಅದನ್ನ ಒತ್ತಿದಾಗ ಪ್ರತಿ ಚಾನೆಲ್‌ಗೆ ನಿಮ್ಮ ಲೋಡ್ ಅರ್ಧದಷ್ಟು ಓಮ್ ಆಗಿ ಕಾಣುತ್ತೆ. 8 ಓಮ್ ಬಾಕ್ಸ್ ಹಾಕಿದ್ರೆ 4 ಅಂತ ಕಾಣುತ್ತೆ, 4 ಹಾಕಿದ್ರೆ 2 ಅಂತ. ಆಂಪ್‌ನ ಪುಸ್ತಕದಲ್ಲಿ ಬ್ರಿಡ್ಜ್‌ಗೆ ಕನಿಷ್ಠ ಓಮ್ ಬೇರೆ ಬರೆದಿರುತ್ತೆ, ನೋಡಿ. ಗೊತ್ತಿಲ್ಲದಿದ್ರೆ ಆ ಸ್ವಿಚ್ ಮುಟ್ಟಬೇಡಿ. ಹಾಗೇ, ಎರಡು ಚಾನೆಲ್‌ನ ಔಟ್‌ಪುಟ್ ವೈರ್‌ಗಳನ್ನ ಒಂದಕ್ಕೊಂದು ಯಾವತ್ತೂ ಕಟ್ಟಬೇಡಿ.

ದೇವಸ್ಥಾನದ ಮೇಲೆ, ಕಂಬದ ಮೇಲೆ ಇರೋ ಹಾರ್ನ್‌ಗಳ ಲೆಕ್ಕ ಬೇರೆ. ಅವಕ್ಕೆ 70 ಅಥವಾ 100 ವೋಲ್ಟ್ ಲೈನ್ ಬಳಸ್ತಾರೆ, ಪ್ರತಿ ಹಾರ್ನ್‌ಗೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ. ಅಲ್ಲಿ ಓಮ್ ಭಾಗಾಕಾರ ಬೇಡ, ವ್ಯಾಟ್ ಕೂಡೋದು ಅಷ್ಟೇ. 15 ವ್ಯಾಟ್‌ನ ಆರು ಹಾರ್ನ್ ಅಂದ್ರೆ 90 ವ್ಯಾಟ್. ಸ್ವಲ್ಪ ಮಿಗತೆ ಇಟ್ಟು 120 ವ್ಯಾಟ್ ಆಂಪ್ ಹಾಕಿ. ಆದ್ರೆ 100 ವೋಲ್ಟ್ ಟರ್ಮಿನಲ್‌ಗೆ ಮಾಮೂಲಿ 8 ಓಮ್ ಬಾಕ್ಸ್ ನೇರವಾಗಿ ಸಿಕ್ಕಿಸಬೇಡಿ. ಬಾಕ್ಸ್ ಸುಡುತ್ತೆ, ಆಂಪ್‌ಗೂ ಪೆಟ್ಟು.

ವೈರ್ ದಪ್ಪ ಮತ್ತು ತುದಿಯಲ್ಲಿ ಇರೋ ಶಾಕ್

ಬಾಕ್ಸ್‌ಗೆ ಹೋಗೋ ವೈರ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳಲ್ಲ. ಮನೆಯ ಲೈಟಿಗೆ ಹಾಕೋ 1 ಚದರ ಮಿಲಿಮೀಟರ್ ವೈರ್ ಇರುತ್ತಲ್ಲ, ಅದನ್ನ 30 ಮೀಟರ್ ಎಳೆದ್ರೆ ಹೋಗೋದು ಬರೋದು ಸೇರಿ 60 ಮೀಟರ್. ಅದರ ತಡೆಯೇ ಸುಮಾರು 1.2 ಓಮ್. 4 ಓಮ್ ಲೋಡ್ ಜೊತೆ ಲೆಕ್ಕ ಹಾಕಿದ್ರೆ ನಿಮ್ಮ ಶಕ್ತಿಯ ಹತ್ತಿರ ಹತ್ತಿರ ಕಾಲು ಭಾಗ ವೈರ್ ಬಿಸಿ ಮಾಡೋಕೆ ಹೋಯ್ತು. 2.5 ಚದರ ಮಿಲಿಮೀಟರ್ ಹಾಕಿದ್ರೆ ನಷ್ಟ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ. ಇನ್ನೂ ಒಳ್ಳೇದು ಆಂಪನ್ನೇ ಬಾಕ್ಸ್ ಹತ್ತಿರ ಇಡೋದು, ಮಿಕ್ಸರ್‌ನಿಂದ ಆಂಪ್‌ಗೆ ಎಕ್ಸ್‌ಎಲ್‌ಆರ್ ಕೇಬಲ್ ಎಷ್ಟು ಉದ್ದ ಇದ್ರೂ ತೊಂದರೆ ಇಲ್ಲ.

"ಸ್ಪೀಕರ್ ವೈರ್‌ನಲ್ಲಿ ಏನ್ ಕರೆಂಟ್ ಇರುತ್ತೆ ಬಿಡು" ಅನ್ನೋ ಮಾತು ಮನೆಯ ಸಣ್ಣ ಸೆಟ್‌ಗೆ ಸರಿ. ದೊಡ್ಡ ಆಂಪ್‌ಗೆ ಅಲ್ಲ. 8 ಓಮ್‌ಗೆ 1000 ವ್ಯಾಟ್ ಹೋಗ್ತಿದ್ರೆ ಆ ವೈರ್ ಮೇಲೆ ಸುಮಾರು 89 ವೋಲ್ಟ್ ಇರುತ್ತೆ. ಬರಿಗೈಯಲ್ಲಿ, ಅದೂ ಒದ್ದೆ ಕೈಯಲ್ಲಿ ಮುಟ್ಟೋ ವಸ್ತು ಅಲ್ಲ. ಹಾಗಾಗಿ ಆಂಪ್ ಆನ್ ಇದ್ದಾಗ ಸ್ಪೀಕರ್ ವೈರ್ ಹಾಕೋದು, ತೆಗೆಯೋದು ಮಾಡಬೇಡಿ. ತುದಿಯಲ್ಲಿ ತಾಮ್ರ ಹೊರಗೆ ಕಾಣಬಾರದು. ಸಾಧ್ಯ ಆದ್ರೆ ತಿರುಗಿಸಿ ಲಾಕ್ ಮಾಡೋ ಸ್ಪೀಕಾನ್ ಕನೆಕ್ಟರ್ ಇರೋ ಕೇಬಲ್ ಕೇಳಿ ತಗೊಳ್ಳಿ. ಅದರಲ್ಲಿ ಲೋಹದ ಭಾಗ ಬೆರಳಿಗೆ ಸಿಗಲ್ಲ, ಕಾಲಿಗೆ ಸಿಕ್ಕಿ ಎಳೆದ್ರೂ ಕಿತ್ತು ಬರಲ್ಲ.

ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಬಾಕ್ಸ್‌ಗೆ ಉಲ್ಟಾ ಹಾಕಿದ್ರೆ ಸುಡೋದಿಲ್ಲ, ಆದ್ರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗಿ ಬಾಸ್ ಒಂದನ್ನೊಂದು ತಿಂದುಹಾಕುತ್ತೆ. ಬಾಸ್ ಬರ್ತಿಲ್ಲ ಅಂತ ಹುಡುಗ್ರು ವಾಲ್ಯೂಮ್ ಏರಿಸ್ತಾರೆ. ಆಮೇಲೆ ಸುಡುತ್ತೆ.

ಸ್ಪೀಕರ್ ಸುಡೋದು ಯಾಕೆ?

ಆಂಪ್ ಮೇಲೆ "ಕ್ಲಿಪ್" ಅಂತ ಒಂದು ಕೆಂಪು ಲೈಟ್ ಇದೆ. ಅದು ಡಿಸ್ಕೋ ಲೈಟ್ ಅಲ್ಲ. ಆಂಪ್ ಕೊಡಬಹುದಾದ ಗರಿಷ್ಠ ವೋಲ್ಟೇಜ್ ಮುಗೀತು, ಇನ್ನು ಮೇಲೆ ಹೋಗೋಕೆ ಜಾಗ ಇಲ್ಲ ಅಂತ ಅರ್ಥ. ಆಗ ಹಾಡಿನ ಅಲೆಯ ತುದಿ ಕತ್ತರಿಸಿ ಚಪ್ಪಟೆ ಆಗುತ್ತೆ. ದುಂಡಗಿನ ಅಲೆ ಪೂರ್ತಿ ಚೌಕ ಆದ್ರೆ, ಎತ್ತರ ಅಷ್ಟೇ ಇದ್ರೂ ಶಕ್ತಿ ಎರಡರಷ್ಟು. ಅಂದ್ರೆ 400 ವ್ಯಾಟ್‌ನ ಆಂಪ್ ಕ್ಲಿಪ್ ಆಗ್ತಾ ಆಗ್ತಾ ಅದಕ್ಕಿಂತ ಬಹಳ ಜಾಸ್ತಿ ತಳ್ಳಬಹುದು. ಜೊತೆಗೆ ಹಾಡಿನಲ್ಲಿ ಇಲ್ಲದ ಮೇಲಿನ ಸ್ವರದ ಸದ್ದುಗಳು ಹುಟ್ಟಿ ಟ್ವೀಟರ್‌ಗೆ ಹೋಗ್ತವೆ. ಟ್ವೀಟರ್ ಒಳಗಿನ ತಂತಿ ಸುರುಳಿ ಕೂದಲಿನಷ್ಟು ಸಣ್ಣದು. ಮೊದಲು ಹೋಗೋದು ಅದೇ.

ಅದಕ್ಕೇ "ಸಣ್ಣ ಆಂಪ್ ಹಾಕಿದ್ರೆ ಸ್ಪೀಕರ್ ಸೇಫ್" ಅನ್ನೋದು ಪೂರ್ತಿ ನಿಜ ಅಲ್ಲ. ಸಣ್ಣ ಆಂಪನ್ನ ಹಿಂಡಿದ್ರೂ ಸುಡುತ್ತೆ, ದೊಡ್ಡ ಆಂಪನ್ನ ಹದ್ದು ಮೀರಿಸಿದ್ರೂ ಸುಡುತ್ತೆ. ಕ್ಲಿಪ್ ಲೈಟ್ ಯಾವಾಗಲೋ ಒಮ್ಮೆ ಮಿನುಗಿದ್ರೆ ಪರವಾಗಿಲ್ಲ, ಹತ್ತಿಕೊಂಡೇ ಇದ್ರೆ ಮಿಕ್ಸರ್‌ನಲ್ಲಿ ಇಳಿಸಿ. ಆಂಪ್ ಮೇಲಿನ ನಾಬ್ ಅರ್ಧಕ್ಕೆ ಇಟ್ರೆ ಅರ್ಧ ಶಕ್ತಿ ಅಂತಲೂ ಅನ್ಕೋಬೇಡಿ. ಮಿಕ್ಸರ್‌ನಿಂದ ಜೋರಾಗಿ ಕಳಿಸಿದ್ರೆ ಅರ್ಧ ನಾಬ್‌ನಲ್ಲೂ ಆಂಪ್ ಪೂರ್ತಿ ಶಕ್ತಿ ತಲುಪಬಹುದು. ಬಾಸ್, ಟ್ರೆಬಲ್ ನಾಬ್‌ಗಳನ್ನ ಪೂರ್ತಿ ತಿರುಗಿಸೋ ಚಟವೂ ಹಾಗೇ, ಒಟ್ಟು ವಾಲ್ಯೂಮ್ ಅದೇ ಇದ್ರೂ ಒಳಗೆ ಶಕ್ತಿ ಹಲವು ಪಟ್ಟು ಏರಿರುತ್ತೆ.

ಆನ್ ಮಾಡೋ ಕ್ರಮ: ಮೊದಲು ಫೋನ್ ಅಥವಾ ಲ್ಯಾಪ್‌ಟಾಪ್, ಆಮೇಲೆ ಮಿಕ್ಸರ್, ಕೊನೆಗೆ ಆಂಪ್, ನಾಬ್ ಸೊನ್ನೆಯಲ್ಲಿ. ಆಫ್ ಮಾಡುವಾಗ ಉಲ್ಟಾ, ಆಂಪ್ ಮೊದಲು. ಮಿಕ್ಸರ್ ಆನ್ ಆಫ್ ಆಗುವಾಗ ಬರೋ "ಢಬ್" ಸದ್ದು ಆಂಪ್ ಮೂಲಕ ಸ್ಪೀಕರ್‌ಗೆ ಹೋಗಬಾರದು, ಅದಕ್ಕೆ. ಕರೆಂಟ್ ಹೋದ್ರೆ ಮೊದಲು ಆಂಪ್ ಆಫ್ ಮಾಡಿ ಕಾಯಿರಿ. ಹಾಡು ಬಿಡೋ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲಾಂದ್ರೆ ಮಂಗಳಾರತಿ ಮಧ್ಯೆ ನಿಮ್ಮ ರಿಂಗ್‌ಟೋನ್ ಇಡೀ ಏರಿಯಾಗೆ ಕೇಳುತ್ತೆ.

ಮಳೆ ಅಂತ ಆಂಪ್ ಮೇಲೆ ಪ್ಲಾಸ್ಟಿಕ್ ಹೊದಿಸ್ತಾರೆ. ಗಾಳಿ ನಿಂತು ಒಳಗೇ ಬೇಯುತ್ತೆ. ಮೇಲೆ ಚಾವಣಿ ಇರಲಿ, ಹಿಂದೆ ಮುಂದೆ ಒಂದಡಿ ಜಾಗ ಇರಲಿ, ನೆಲದಿಂದ ಎತ್ತರದಲ್ಲಿ ಒಣ ಮರದ ಟೇಬಲ್ ಮೇಲೆ ಇರಲಿ. ಮೇಲೆ ತೀರ್ಥದ ಚೊಂಬು ಇಡೋ ಜಾಗ ಅದಲ್ಲ.

ಬಾಕ್ಸ್‌ನಿಂದ ಕಿವಿವರೆಗೆ: ಎಷ್ಟು ವ್ಯಾಟ್ ಬೇಕು?

ಈಗ ಮೂರನೇ ಭಾಗ, ಇಲ್ಲಿ ನಿಮ್ಮ ಚಂದಾ ದುಡ್ಡು ಉಳಿಯುತ್ತೆ.

ವ್ಯಾಟ್ ಎರಡರಷ್ಟು ಮಾಡಿದ್ರೆ ಸದ್ದು ಏರೋದು 3 ಡೆಸಿಬಲ್ ಮಾತ್ರ. ಕಿವಿಗೆ "ಸ್ವಲ್ಪ ಜೋರಾಯ್ತು" ಅನ್ಸುತ್ತೆ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸೋಕೆ ಸುಮಾರು ಹತ್ತರಷ್ಟು ವ್ಯಾಟ್ ಬೇಕು. ಹತ್ತು ಪಟ್ಟು ಬಂಡವಾಳಕ್ಕೆ ಎರಡು ಪಟ್ಟು ಆದಾಯ, ಯಾವ ಸೇಠು ಒಪ್ತಾನೆ?

ಒಂದು ಲೆಕ್ಕ. ಒಂದು ಬಾಕ್ಸ್‌ನ ಸೆನ್ಸಿಟಿವಿಟಿ 97 ಡೆಸಿಬಲ್ ಅನ್ಕೊಳ್ಳಿ, ಅಂದ್ರೆ 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ಬಯಲಲ್ಲಿ ದೂರ ಎರಡರಷ್ಟಾದಾಗೆಲ್ಲ 6 ಡೆಸಿಬಲ್ ಇಳಿಯುತ್ತೆ. 16 ಮೀಟರ್ ದೂರದ ಮನೆಗೆ 24 ಇಳಿದು 73. ಬರೀ 1 ವ್ಯಾಟ್‌ಗೆ! ಅದೇ 100 ವ್ಯಾಟ್ ಕೊಟ್ರೆ 93.

ಕಾನೂನು ಏನು ಹೇಳುತ್ತೆ? 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ 45. ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಹಾಕಿದ್ರೆ ಆ ಜಾಗದ ಅಂಚಿನಲ್ಲಿ ಸದ್ದು ಆ ಮಿತಿಗಿಂತ 10 ಮೇಲೆ ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನ ಮೀರಬಾರದು. ಅಂದ್ರೆ ವಸತಿ ಪ್ರದೇಶದಲ್ಲಿ ಹಗಲು 65. ಪೆಂಡಾಲ್ ಅಂಚು ಬಾಕ್ಸ್‌ನಿಂದ 16 ಮೀಟರ್ ಅಂತಾದ್ರೆ, 1 ವ್ಯಾಟ್‌ನ ಹತ್ತನೇ ಒಂದು ಭಾಗಕ್ಕೇ 63 ಡೆಸಿಬಲ್ ಆಯ್ತು. ಡೊಳ್ಳಿನ, ತಾಳದ ಹೊಡೆತಕ್ಕೆ ಅಂತ ನೂರು ಪಟ್ಟು ಮಿಗತೆ ಇಟ್ರೂ 10 ವ್ಯಾಟ್. ನಾವು ಬಾಡಿಗೆಗೆ ತರೋದು 1600.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸೋ ಹಾಗಿಲ್ಲ. ರಾಜ್ಯ ಸರ್ಕಾರ ಹಬ್ಬಗಳಿಗೆ ಅಂತ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಧ್ವನಿವರ್ಧಕ ಹಾಕೋಕೆ ಲಿಖಿತ ಅನುಮತಿ ಬೇಕು. 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಶಬ್ದ ಮಾಲಿನ್ಯದ ಬಗ್ಗೆ ವಿವರವಾದ ತೀರ್ಪು ಕೊಟ್ಟಿದೆ.

ಕಿವಿ ವಿಷಯಕ್ಕೆ ಬಂದ್ರೆ, ಕೆಲಸದ ಜಾಗದ ಸುರಕ್ಷತೆಗೆ ಬಳಸೋ ಒಂದು ಹೆಸರಾಂತ ಲೆಕ್ಕ ಇದೆ: 85 ಡೆಸಿಬಲ್‌ನಲ್ಲಿ 8 ಗಂಟೆ. 3 ಡೆಸಿಬಲ್ ಏರಿದಾಗೆಲ್ಲ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. 100 ಡೆಸಿಬಲ್‌ಗೆ 15 ನಿಮಿಷ. ಬಾಕ್ಸ್ ಮುಂದೆ ಕುಣಿದು ಮನೆಗೆ ಬಂದಾಗ ಕಿವಿಯಲ್ಲಿ "ಕುಂಯ್" ಅನ್ನುತ್ತಲ್ಲ, ಅದು ಮಜಾ ಅಲ್ಲ, ಎಚ್ಚರಿಕೆ. ಒಳಕಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ರೆ ಮತ್ತೆ ಹುಟ್ಟಲ್ಲ.

ಹಾಗಾದ್ರೆ ಜನಕ್ಕೆ ಕೇಳಿಸೋದು ಹೇಗೆ? ಎರಡು ದೊಡ್ಡ ಬಾಕ್ಸ್ ಬೀದಿ ಕಡೆ ತಿರುಗಿಸೋ ಬದಲು, ನಾಲ್ಕು ಸಣ್ಣ ಬಾಕ್ಸ್‌ಗಳನ್ನ ಜನ ಕೂರೋ ಜಾಗದ ಸುತ್ತ, ತಲೆಗಿಂತ ಸ್ವಲ್ಪ ಎತ್ತರದಲ್ಲಿ, ಒಳಮುಖವಾಗಿ ಇಡಿ. ಪ್ರತಿಯೊಬ್ಬರಿಗೂ ಹತ್ತಿರದಲ್ಲಿ ಒಂದು ಬಾಕ್ಸ್. ಮೈಕ್ ಯಾವಾಗಲೂ ಬಾಕ್ಸ್‌ಗಳ ಹಿಂದೆ ಇರಲಿ, "ಕೀಂಯ್" ಅನ್ನಲ್ಲ. ಬಾಕ್ಸ್ ಸ್ಟ್ಯಾಂಡ್‌ನ ಕಾಲು ಪೂರ್ತಿ ಅಗಲಿಸಿ, ಮರಳು ಚೀಲ ಇಡಿ, ಒಂದರ ಮೇಲೊಂದು ಪೇರಿಸಿದ್ರೆ ಬೆಲ್ಟ್ ಕಟ್ಟಿ. ಮಕ್ಕಳು ಅದರ ಕೆಳಗೇ ಆಡೋದು.

ವಿಸರ್ಜನೆ ದಿನ ಟ್ರಾಕ್ಟರ್ ಅಥವಾ ಟೆಂಪೋ ಮೇಲೆ ಸೌಂಡ್ ಹಾಕಿದ್ರೆ, ಹೋಗೋ ದಾರಿಯಲ್ಲಿ ಬೆಳಿಗ್ಗೇನೇ ಒಮ್ಮೆ ನಡೆದು ನೋಡಿ. ತಂತಿ ಎಲ್ಲಿ ಜೋತು ಬಿದ್ದಿದೆ, ಎತ್ತರ ಎಷ್ಟು? ತಂತಿಯನ್ನ ಕೋಲಿನಿಂದ ಎತ್ತಿ ದಾರಿ ಮಾಡೋದು ಬೇಡವೇ ಬೇಡ. 1912ಕ್ಕೆ ಫೋನ್ ಮಾಡಿ, ವಿದ್ಯುತ್ ಕಂಪನಿಯವರು ಬರಲಿ.

ಯಾರಿಗಾದ್ರೂ ಶಾಕ್ ಹೊಡೆದ್ರೆ

ಇದನ್ನ ಕೊನೆಗೆ ಇಟ್ಟಿದ್ದೀನಿ, ನೆನಪಲ್ಲಿ ಉಳೀಲಿ ಅಂತ. ಮುಟ್ಟಬೇಡಿ. ಮೊದಲು ಮೇನ್ ಆಫ್. ಅದಕ್ಕೇ ಮೇನ್ ಸ್ವಿಚ್ ಎಲ್ಲಿದೆ ಅಂತ ಕನಿಷ್ಠ ನಾಲ್ಕು ಜನಕ್ಕೆ ಗೊತ್ತಿರಬೇಕು, ಅದರ ಮುಂದೆ ಕುರ್ಚಿ ಪೇರಿಸಿರಬಾರದು. ಮನೆಯ ಲೈನ್ ಆಗಿದ್ದು, ಸ್ವಿಚ್ ಸಿಗದಿದ್ರೆ ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ವೈರನ್ನ ದೂರ ತಳ್ಳಿ. ಕಂಬದ ತಂತಿ ತಾಗಿದ್ರೆ ಹತ್ತಿರಾನೇ ಹೋಗಬೇಡಿ. ಬಿಡಿಸಿದ ಮೇಲೆ ಉಸಿರು ನೋಡಿ. ಉಸಿರು ಇಲ್ಲದಿದ್ರೆ ಒಬ್ರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ರು ಎದೆಯ ಮಧ್ಯೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಲಿ. ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬೇಡಿ. ಎದ್ದು ಕೂತು "ನನಗೇನೂ ಆಗಿಲ್ಲ" ಅಂದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹೃದಯದ ಬಡಿತ ಆಮೇಲೂ ತಪ್ಪಬಹುದು.

ಸ್ಕ್ರೀನ್‌ಶಾಟ್ ತಗೊಳ್ಳೋರಿಗೆ ಚಿಕ್ಕ ಪಟ್ಟಿ: ತಾತ್ಕಾಲಿಕ ಸಂಪರ್ಕ. ಪ್ರತ್ಯೇಕ 16 ಆಂಪಿಯರ್ ಲೈನ್. ಅರ್ತ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ. ಪ್ರತಿ ಚಾನೆಲ್‌ಗೆ 4 ಓಮ್‌ಗಿಂತ ಕೆಳಗೆ ಬೇಡ. ದಪ್ಪ ವೈರ್. ಆಂಪ್ ಕೊನೆಗೆ ಆನ್, ಮೊದಲು ಆಫ್. ಕೆಂಪು ಲೈಟ್ ಕಂಡ್ರೆ ಇಳಿಸಿ. ರಾತ್ರಿ 10ಕ್ಕೆ ಬಂದ್.

"ಸೌಂಡ್ ನಾನು ನೋಡ್ಕೋತೀನಿ" ಅಂದ ನಿಮ್ಮ ಫ್ರೆಂಡ್‌ಗೆ ಈ ಲಿಂಕ್ ಇವತ್ತೇ ಕಳಿಸಿ, ಹಬ್ಬದ ಹಿಂದಿನ ರಾತ್ರಿ ಅಲ್ಲ. ವೈರ್‌ಮ್ಯಾನ್ ಸಿಗೋಕೂ ಟೈಂ ಬೇಕು.